ಸಹಾಯ ಬೇಕು: ಪಾಸ್‌ವರ್ಡ್ ಫೈಲ್ ಕಂಪ್ಯೂಟರಲ್ಲಿ ತೆರೀತದೆ, ಮೊಬೈಲಲ್ಲಿ ಇಲ್ಲ

ಶಿರಸಿ, ಕಾರವಾರ ಕಡೆ ಕೀಪಾಸ್ (ಪಾಸ್‌ವರ್ಡೆಲ್ಲ ಬೀಗ ಹಾಕಿದ ಒಂದೇ ಫೈಲಲ್ಲಿ, ಅಂದ್ರೆ ಡೇಟಾಬೇಸಲ್ಲಿ, ಇಡೋ ಆ್ಯಪ್) ಬಳಸೋರು ಯಾರಾದ್ರೂ ಇದ್ರೆ ಸ್ವಲ್ಪ ನೋಡಿ ಮಾರಾಯ್ರೆ. ಆ ಫೈಲ್ ತೆರೆಯೋಕೆ ಎರಡು ಕಂಪ್ಯೂಟರಲ್ಲಿ ಕೀಪಾಸ್‌ಎಕ್ಸ್‌ಸಿ, ಆಂಡ್ರಾಯ್ಡ್ ಮೊಬೈಲಲ್ಲಿ ಕೀಪಾಸ್‌ಡಿಎಕ್ಸ್. ಮಾಸ್ಟರ್ ಪಾಸ್‌ವರ್ಡ್ ಜೊತೆ ಕೀ ಫೈಲೂ (ಬೀಗ ತೆರೆಯೋಕೆ ಬೇಕಾದ ಇನ್ನೊಂದು ಫೈಲ್) ಇದೆ, ಅದು ಎಲ್ಲ ಕಡೆ ಒಂದೇ. ಮೊಬೈಲಲ್ಲಿ ಪಾಸ್‌ವರ್ಡ್ ಹಾಕಿದ್ರೆ ಸ್ವಲ್ಪ ಹೊತ್ತು ತಿರುಗಿ ಆ್ಯಪೇ ಮುಚ್ಚಿಹೋಗ್ತದೆ.

ಪಾಸ್‌ವರ್ಡ್ ತಪ್ಪಾಗಿದ್ರೆ ಹಾಗಂತ ಹೇಳ್ತಿತ್ತು. ಅನುಮಾನ ಆರ್ಗಾನ್-2 ಮೇಲೆ (ಪಾಸ್‌ವರ್ಡಿಂದ ಬೀಗದ ಕೀಲಿ ತಯಾರಿಸೋ ಲೆಕ್ಕ, ಬೇಕಂತಲೇ ತುಂಬಾ ಮೆಮೊರಿ ತಿನ್ತದೆ): ಮೆಮೊರಿ 1024 ಎಂಬಿ ಅಂತಿದೆ, ಮೊಬೈಲಿನ ರ್‍ಯಾಮೇ 3 ಜಿಬಿ. ಡೇಟಾಬೇಸ್ ಸೆಕ್ಯುರಿಟಿಯ ಎನ್‌ಕ್ರಿಪ್ಶನ್ ಸೆಟ್ಟಿಂಗಲ್ಲಿ ಅದನ್ನ 64 ಎಂಬಿಗೆ ಇಳಿಸಿ, ತೆರೆಯೋಕೆ ಸುಮಾರು ಒಂದು ಸೆಕೆಂಡ್ ಹಿಡಿಯೋ ಹಾಗೆ ರೌಂಡ್ಸ್ (ಆ ಲೆಕ್ಕ ಎಷ್ಟು ಸಲ ಅನ್ನೋದು) ಏರಿಸಿದ್ರೆ ಸಾಕಾ? 3 ಜಿಬಿ ಮೊಬೈಲಲ್ಲಿ ನೀವು ಎಷ್ಟು ಇಟ್ಟಿದ್ದೀರಿ?

ಇನ್ನೊಂದು ತಕರಾರು. ಫೈಲ್ ಹೋಗಿಬರೋದು ಸಿಂಕ್‌ಥಿಂಗ್ (ಕಂಪ್ಯೂಟರ್, ಮೊಬೈಲಲ್ಲಿ ಫೈಲನ್ನ ಒಂದೇ ಥರ ಇಡೋ ಆ್ಯಪ್) ಮೂಲಕ. ಈ ಮಳೇಲಿ ಕರೆಂಟಿನ ಕಥೆ ಗೊತ್ತಲ್ಲ. ಸಿಂಕ್ ನಿಂತಾಗ ಎರಡು ಕಂಪ್ಯೂಟರಲ್ಲೂ ಬದಲಾವಣೆ ಆಗಿ 'ಸಿಂಕ್-ಕಾನ್‌ಫ್ಲಿಕ್ಟ್' ಹೆಸರಿನ ಇನ್ನೊಂದು ಫೈಲ್ ಹುಟ್ಟಿದೆ. ಅಳಿಸಿಲ್ಲ, ಹೊಸ ಎಂಟ್ರಿ ಅದರಲ್ಲೂ ಇರಬಹುದು. ಡೇಟಾಬೇಸ್ ಮೆನುವಿನಿಂದ ಎರಡೂ ಫೈಲ್ ಮರ್ಜ್ ಮಾಡೋದು (ಒಂದಾಗಿ ಸೇರಿಸೋದು) ಮೊದಲಾ, ಮೆಮೊರಿ ಇಳಿಸೋದು ಮೊದಲಾ?

ಎರಡೂ ಫೈಲಿನ ಕಾಪಿ ಪೆನ್‌ಡ್ರೈವಲ್ಲಿದೆ. 'ಫೈಲ್ ಕಳಿಸಿ, ನೋಡಿಕೊಡ್ತೇನೆ' ಅನ್ನೋರು ದಯವಿಟ್ಟು ಬೇಡ.