ಪದಚರ್ಚೆ: ಚಿನ್ನದ ನಾಣ್ಯದ ಮೇಲಿನದು ‘ದಿನಾಂಕ’ವೇ?

ಮಿತ್ರರೇ,

ಹಳೆಯ ಚಿನ್ನದ ನಾಣ್ಯಗಳ ವಿವರಣೆಗಳಲ್ಲಿ ‘ದಿನಾಂಕವಿಲ್ಲದ ವರಾಹ’, ‘ದಿನಾಂಕ 1215’ ಎಂಬ ಬಳಕೆ ನೋಡುತ್ತಿದ್ದೇನೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಅಕ್ಬರನ ಇಲಾಹಿ (ಅವನೇ ತಂದ ಶಕೆ) ನಾಣ್ಯಗಳಲ್ಲಿ ತಿಂಗಳ ಹೆಸರೂ ಇರುವುದುಂಟು. ಉಳಿದಂತೆ ಸಾಮಾನ್ಯವಾಗಿ ಇರುವುದು ವರ್ಷ ಮಾತ್ರ. ಹಾಗೆಂದು ‘ಇಸವಿ’ ಎಂದರೂ ಕೆಡುತ್ತದೆ, ಓದುವವರು ಅದನ್ನು ಕ್ರಿಸ್ತಶಕವೆಂದೇ ತಿಳಿಯುತ್ತಾರೆ.

ಟಿಪ್ಪುವಿನ ಫಾರೂಕಿ ವರಾಹವನ್ನೇ ತೆಗೆದುಕೊಳ್ಳಿ. ಮೊದಲ ವರ್ಷಗಳ ನಾಣ್ಯಗಳಲ್ಲಿ ಹಿಜರಿ, ಎಂದರೆ ಇಸ್ಲಾಮೀ ಶಕೆಯ ವರ್ಷ ಇದೆ. 1787ರ ಸುಮಾರಿಗೆ ಅವನು ಮೌಲೂದಿ ಎಂಬ, ಪ್ರವಾದಿಯ ಹುಟ್ಟಿನಿಂದ ಎಣಿಸುವ ತನ್ನದೇ ಎಣಿಕೆಗೆ ಬದಲಾಯಿಸಿದ. ಹಾಗಾಗಿ ನಾಣ್ಯದ ವರ್ಷ 1200ರ ಆಸುಪಾಸಿನಿಂದ ಒಮ್ಮೆಲೇ 1215ಕ್ಕೆ ಹಾರುತ್ತದೆ. ಸಾಲದ್ದಕ್ಕೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕಣ್ಣಿಗೆ ಬೀಳುವುದು 5121. ಈ 1215ನ್ನು ಹಿಜರಿ ಎಂದು ಲೆಕ್ಕ ಹಾಕಿದರೆ 1800 ಬರುತ್ತದೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ! ಶಕೆ ಯಾವುದೆಂದು ಹೇಳದೆ ಅಂಕಿಯನ್ನಷ್ಟೇ ಕೊಟ್ಟರೆ ಏನೂ ಹೇಳಿದಂತಾಗುವುದಿಲ್ಲ.

ಮೊಗಲರ ಮೊಹರುಗಳಲ್ಲಿ (ಚಿನ್ನದ ನಾಣ್ಯಗಳಲ್ಲಿ) ಹಿಜರಿ ವರ್ಷದ ಜೊತೆಗೆ ‘ಜುಲೂಸ್’ ವರ್ಷವೂ ಇರುತ್ತದೆ, ಎಂದರೆ ದೊರೆ ಪಟ್ಟಕ್ಕೆ ಬಂದಲ್ಲಿಂದ ಎಷ್ಟನೆಯದು ಎಂದು. ಅದರ ಮೇಲೆ ವ್ಯವಹಾರವೂ ನಡೆಯುತ್ತಿತ್ತು. ಬಂಗಾಳದಲ್ಲಿ ಹಳೆಯ ವರ್ಷದ ರೂಪಾಯಿಗೆ ಶರಾಫರು (ನಾಣ್ಯ ಬದಲಿಸಿಕೊಡುವವರು) ಬಟ್ಟಾ, ಎಂದರೆ ಕಡಿತ, ಹಿಡಿಯುತ್ತಿದ್ದರು. ನಾಣ್ಯ ಸವೆಯದಿದ್ದರೂ ವರ್ಷ ಹಳತಾದರೆ ಬೆಲೆ ಇಳಿಯುತ್ತಿತ್ತು. ಅದನ್ನು ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ ಮೊಗಲ ದೊರೆ ಷಾ ಆಲಮನ ಆಳ್ವಿಕೆಯ 19ನೆಯ ವರ್ಷವನ್ನೇ ಖಾಯಂ ಮಾಡಿ, ವರ್ಷಗಳು ಉರುಳಿದರೂ ಅದೇ ಅಂಕಿಯನ್ನು ರೂಪಾಯಿಗೂ ಮೊಹರಿಗೂ ಒತ್ತುತ್ತಾ ಹೋಯಿತು. ಈ 19 ನಾಣ್ಯ ಟಂಕಿಸಿದ ವರ್ಷವಲ್ಲವೇ ಅಲ್ಲ. ಅದನ್ನು ‘ದಿನಾಂಕ’ ಎನ್ನುವುದು ಹೇಗೆ?

ಪಟ್ಟದಿಂದ ಎಣಿಸುವುದು ನಮಗೆ ಹೊಸದೂ ಅಲ್ಲ. ಆರನೆಯ ವಿಕ್ರಮಾದಿತ್ಯ 1076ರಲ್ಲಿ ಶಕವರ್ಷ ಬಿಟ್ಟು ಚಾಳುಕ್ಯ ವಿಕ್ರಮವರ್ಷ ತಂದ, ಶಾಸನಗಳಲ್ಲಿ ಅದು ಎಲ್ಲೆಲ್ಲೂ ಇದೆ. ತುರ್ಕಿಯಲ್ಲಂತೂ ದೊರೆ ಹೋದಮೇಲೂ ಈ ಪದ್ಧತಿ ಹೋಗಲಿಲ್ಲ: ಅಲ್ಲಿನ ಚಿನ್ನದ ನಾಣ್ಯಗಳಲ್ಲಿ ಗಣರಾಜ್ಯ ಹುಟ್ಟಿದ 1923 ಮತ್ತು ಅದರಿಂದಾಚೆ ಕಳೆದ ವರ್ಷಗಳ ಅಂಕಿ, ಎರಡನ್ನೂ ಕೂಡಿಸಿಕೊಂಡು ಓದಬೇಕು.

ವಿಜಯನಗರದ ವರಾಹಗಳಲ್ಲಿ ಸಾಮಾನ್ಯವಾಗಿ ವರ್ಷವೇ ಇರುವುದಿಲ್ಲ. ದೇವರ ಚಿತ್ರ, ದೊರೆಯ ಹೆಸರು, ಅಷ್ಟೇ. ಇವನ್ನು ‘ವರ್ಷ ನಮೂದಿಲ್ಲದ’ ಎಂದರೆ ಸಾಕು.

ನನ್ನ ಸಲಹೆ ಹೀಗಿದೆ. ನಾಣ್ಯದ ಮೇಲೆ ಕಂಡದ್ದಕ್ಕೆ ‘ವರ್ಷಾಂಕ’, ಜುಲೂಸ್‌ಗೆ ‘ಪಟ್ಟದ ವರ್ಷ’, ನಿಜವಾಗಿ ಟಂಕಸಾಲೆಯಿಂದ ಹೊರಬಿದ್ದದ್ದಕ್ಕೆ ‘ಟಂಕಿಸಿದ ವರ್ಷ’. ಮೂರನ್ನೂ ಬೇರೆ ಬೇರೆ ಇಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಪಟ್ಟದ ವರ್ಷ’ ಎಂದಾಗ ಪಟ್ಟಾಭಿಷೇಕ ನಡೆದ ವರ್ಷವೆಂಬ ಅರ್ಥ ಹೊರಡಬಹುದೆಂಬ ಅಳುಕು ಮಾತ್ರ ಇದೆ. ‘ಆಳ್ವಿಕೆಯ ವರ್ಷ’ ಮೇಲೇ? ಶಾಸನದ ಪರಿಭಾಷೆ ಬಲ್ಲವರು ದಯವಿಟ್ಟು ತಿಳಿಸಿ.