ಬೆರಳಿನ ಮೂಳೆ ಚೂರಾಗಿದೆ, ತಂತಿ-ರಬ್ಬರ್ ಬ್ಯಾಂಡ್ ಸಾಕಾ?

ಪ್ರಶ್ನೆ:
ಅಣ್ಣನ ಉಂಗುರ ಬೆರಳು ಯಂತ್ರಕ್ಕೆ ಸಿಕ್ಕಿ ಐದು ದಿನ ಆಯಿತು. ನಡುಗೆಣ್ಣಿನ ಒಳಗೆ ಮೂಳೆ ಚೂರುಚೂರಾಗಿದೆ. ಕೆ-ವೈರ್ (ಮೂಳೆಯಲ್ಲಿ ಹಾಯಿಸುವ ತೆಳು ಲೋಹದ ತಂತಿ) ಹಾಕಿ ಹೊರಗಿನಿಂದ ರಬ್ಬರ್ ಬ್ಯಾಂಡ್ ಕಟ್ಟುತ್ತೇನೆ ಎಂದರು ಡಾಕ್ಟರು. ಬೆರಳಿಗಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಅದೇ ದಿನ ಮನೆಗೆ. ಖರ್ಚು ತುಂಬಾ ಕಡಿಮೆ. ನೆಂಟರು ಮಾತ್ರ ‘ಸಾಲ ಆದರೂ ಸರಿ, ಒಳಗೆ ಲೋಹದ ಪ್ಲೇಟ್ ಹಾಕಿಸಿ’ ಎನ್ನುತ್ತಿದ್ದಾರೆ. ದುಡ್ಡು ಉಳಿಸಲು ಹೋಗಿ ಅಣ್ಣನ ಕೈ ಹಾಳು ಮಾಡಿದೆವು ಅಂತ ಆಗಬಾರದು. ಏನು ಮಾಡಲಿ?

ಉತ್ತರ 1:
ನಾನು ಕೈಗೆ ಫಿಸಿಯೋಥೆರಪಿ ಮಾಡುವವಳು. ದಿನವಿಡೀ ಇಂಥ ಬೆರಳುಗಳನ್ನೇ ಹಿಡಿದು ಕೂತಿರುತ್ತೇನೆ. ಸಾಲದ ಮಾತು ಸದ್ಯಕ್ಕೆ ಬಿಡಿ.

ಪ್ಲೇಟ್ ನಿಲ್ಲಬೇಕಾದರೆ ಸ್ಕ್ರೂ ಕಚ್ಚಿಕೊಳ್ಳುವಷ್ಟು ದೊಡ್ಡ ತುಂಡು ಬೇಕು. ಚೂರಾದ ಗೆಣ್ಣಿನಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ. ಬೆರಳು ಬಿಚ್ಚಿ ಪ್ಲೇಟ್ ಕೂರಿಸಿದರೆ ಟೆಂಡನ್ (ಬೆರಳನ್ನು ಆಡಿಸುವ ಹುರಿ) ಅದಕ್ಕೆ ಅಂಟಿಕೊಂಡು ಬೆರಳು ಬಿಗಿಯಾಗುವುದೂ ಉಂಟು.

ತಂತಿಯ ಲೆಕ್ಕವೇ ಬೇರೆ. ಒಂದು ತಂತಿ ಗೆಣ್ಣಿನ ಈಚೆ, ಇನ್ನೊಂದು ಆಚೆ, ಮೂಳೆಯಲ್ಲಿ ಅಡ್ಡಲಾಗಿ ಹಾಯುತ್ತದೆ. ರಬ್ಬರ್ ಬ್ಯಾಂಡ್ ಬೆರಳನ್ನು ತುದಿಯ ಕಡೆಗೆ ಎಳೆದು ಹಿಡಿಯುತ್ತದೆ. ಆಗ ಗೆಣ್ಣಿನ ಸುತ್ತಲಿನ ಲಿಗಮೆಂಟುಗಳು (ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಳು) ಬಿಗಿದು ಚೂರುಗಳನ್ನು ಅವುಗಳ ಜಾಗದ ಹತ್ತಿರ ತರುತ್ತವೆ. ಎಳೆತ ಇರುವಾಗಲೇ ಗೆಣ್ಣು ಮಡಚಬಹುದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಲಾಭ. ಜಪಾನಿನ ಸುಝುಕಿ ಮತ್ತು ಸಂಗಡಿಗರು 1994ರಲ್ಲೇ ಈ ಕ್ರಮವನ್ನು ಪ್ರಕಟಿಸಿದ್ದಾರೆ. ದುಡ್ಡಿಲ್ಲದವರಿಗೆ ಅಂತ ಹುಡುಕಿದ ಕೆಳದರ್ಜೆಯ ಉಪಾಯ ಅಲ್ಲ ಇದು.

ಎಲ್ಲ ಮುರಿತಕ್ಕೂ ಇದೇ ಸಾಕು ಅನ್ನುತ್ತಿಲ್ಲ. ಅಂಗೈ ಮೂಳೆಗಳು ಮುರಿದಾಗ ಪ್ಲೇಟೇ ಸರಿ ಎನ್ನುವ ಸಂದರ್ಭಗಳಿವೆ. ಬೆರಳು ತಿರುಚಿಕೊಂಡಿದೆಯಾ ಅಂತಲೂ ಡಾಕ್ಟರನ್ನು ಕೇಳಿ. ಮುಷ್ಟಿ ಕಟ್ಟಿದಾಗ ಅದು ಪಕ್ಕದ ಬೆರಳಿನ ಮೇಲೆ ಹತ್ತಬಾರದು.

ಉತ್ತರ 2:
ನನಗೂ ಇದೇ ತಂತಿ-ರಬ್ಬರ್ ಬ್ಯಾಂಡಿನ ಚೌಕಟ್ಟು ಹಾಕಿದ್ದರು. ಬೆರಳು ಆಡಿಸಬೇಕು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ತಂತಿ ಕಂಡರೇ ಭಯ, ಬಟ್ಟೆ ಸುತ್ತಿ ಇಟ್ಟುಬಿಟ್ಟೆ. ಮೂಳೆ ಕೂಡಿತು, ಬೆರಳು ಅರ್ಧಕ್ಕೇ ನಿಂತಿತು. ಇವತ್ತಿಗೂ ಸುತ್ತಿಗೆಯ ಹಿಡಿ ಗಟ್ಟಿಯಾಗಿ ಹಿಡಿಯಲು ಆಗುವುದಿಲ್ಲ. ನಿಮ್ಮ ಅಣ್ಣನಿಗೆ ಹಾಗಾಗಲು ಬಿಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಮೇಡಂ, ಬೆರಳು ಮೊದಲಿನ ಹಾಗೆ ಆಗುತ್ತಾ? ಇನ್ನೊಬ್ಬ ಡಾಕ್ಟರಿಗೆ ತೋರಿಸಿ ಮುಂದಿನ ತಿಂಗಳು ಮಾಡಿಸಬಹುದಾ?

ಉತ್ತರ 1:
ಪೂರ್ತಿ ಮೊದಲಿನ ಹಾಗೆ ಅಂತ ಮಾತು ಕೊಡಲಾರೆ. ಸ್ವಲ್ಪ ಬಿಗಿ ಉಳಿಯಬಹುದು. ಚೌಕಟ್ಟು ಸುಮಾರು 4ರಿಂದ 6 ವಾರ ಇರುತ್ತದೆ. ಮೊದಲ ಕೆಲವು ದಿನಗಳಲ್ಲೇ, ಡಾಕ್ಟರು ಹೇಳಿದಷ್ಟು, ಬೆರಳು ಮಡಚುವುದು ಶುರುವಾಗಬೇಕು. ತಂತಿಯ ಬುಡ ಕೆಂಪಾಗಿ ಕೀವು ಬಂದರೆ ಅದೇ ದಿನ ತೋರಿಸಿ.

ಇನ್ನೊಬ್ಬರಿಗೆ ತೋರಿಸುವುದಾದರೆ ಖಂಡಿತ ತೋರಿಸಿ, ಆದರೆ ನಾಳೆಯೇ. ಎರಡು ಮೂರು ವಾರ ಕಳೆದರೆ ಚೂರುಗಳು ಇದ್ದಲ್ಲೇ ಅಂಟಲು ಶುರುವಾಗುತ್ತವೆ. ಆಮೇಲೆ ರಬ್ಬರ್ ಬ್ಯಾಂಡಿನ ಎಳೆತಕ್ಕೆ ಅವು ಬಗ್ಗುವುದಿಲ್ಲ. ಐದು ದಿನ ಆಗಲೇ ಹೋಗಿದೆ ಅಲ್ವಾ?