ಕಣ್ಣು ಮುಚ್ಚಿ ಕುಳಿತ ಹುಡುಗನ ಇಇಜಿಯಿಂದ ಅವನ ಬುದ್ಧಿಶಕ್ತಿ ತಿಳಿಯುವುದೇ?

ಪ್ರಶ್ನೆ: ಶಿಕ್ಷಕಿ, ಬಾಗಲಕೋಟೆ

ನಮ್ಮ ಶಾಲೆಯ ಎಂಟನೆಯ ತರಗತಿಯ ಒಬ್ಬ ಹುಡುಗ ಪುಸ್ತಕ ಓದುವಾಗ ತಡವರಿಸುತ್ತಾನೆ, ಆದರೆ ಬಾಯಿಲೆಕ್ಕದಲ್ಲಿ ತರಗತಿಗೇ ಮುಂದು. ಇಳಕಲ್ಲಿನಲ್ಲಿ ಮಗ್ಗ ನಡೆಸುವ ಅವನ ತಂದೆ ಸಾಲ ಮಾಡಿ ಒಂದು ಖಾಸಗಿ ಕೇಂದ್ರದಲ್ಲಿ ಮಗನ ‘ಬ್ರೇನ್ ಮ್ಯಾಪಿಂಗ್’, ಅಂದರೆ ನೆತ್ತಿಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಇಇಜಿ ಪರೀಕ್ಷೆ, ಮಾಡಿಸಿದ್ದಾರೆ. ಐದು ನಿಮಿಷ ಕಣ್ಣು ಮುಚ್ಚಿಸಿ ಕೂರಿಸಿ, ಥೀಟಾ (ಆಲ್ಫಾಗಿಂತ ನಿಧಾನದ ತರಂಗ) ಹೆಚ್ಚು, ಆಲ್ಫಾ ತರಂಗ ನಿಧಾನ, ಆದ್ದರಿಂದ ಕಲಿಕೆಯ ಸಾಮರ್ಥ್ಯ ಕಡಿಮೆ ಎಂದು ಬರೆದುಕೊಟ್ಟಿದ್ದಾರೆ. ಸುಮ್ಮನೆ ಕುಳಿತಾಗಿನ ತರಂಗಗಳಿಗೂ ಬುದ್ಧಿಗೂ ನಿಜವಾಗಿ ಸಂಬಂಧವಿದೆಯೇ?

ಉತ್ತರ 1: ಮನಶ್ಶಾಸ್ತ್ರ ಉಪನ್ಯಾಸಕ, ವಿಜಯಪುರ

ಸಂಬಂಧ ಇದೆ ಮೇಡಂ, ಆದರೆ ಆ ವರದಿ ಹೇಳುವಷ್ಟು ಇಲ್ಲ. ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದಾಗಲೇ, ಕಣ್ಣು ಮುಚ್ಚಿದಾಗ ಎದ್ದು ಕಾಣುವ, ತೆರೆದೊಡನೆ ಕುಗ್ಗುವ ಆಲ್ಫಾ ಲಯವನ್ನು ಗುರುತಿಸಿದ್ದರು. ಸೆಕೆಂಡಿಗೆ 8ರಿಂದ 13 ಆವರ್ತನಗಳ ಈ ಲಯದ ಶಿಖರ, ಅಂದರೆ ಅದು ಅತಿ ಪ್ರಬಲವಾಗಿರುವ ಆವರ್ತನ, ವಯಸ್ಕರಲ್ಲಿ 10ರ ಆಸುಪಾಸಿನಲ್ಲಿರುತ್ತದೆ. ಚಿಕ್ಕ ಮಕ್ಕಳಲ್ಲಿ ಅದು ನಿಧಾನ, ಬೆಳೆದಂತೆ ವೇಗಗೊಂಡು ಮುಪ್ಪಿನಲ್ಲಿ ಮತ್ತೆ ತಗ್ಗುತ್ತದೆ. ಶಿಖರ ತುಸು ವೇಗವಾಗಿರುವವರು ಸಾಮಾನ್ಯ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಸರಾಸರಿಯಾಗಿ ತುಸು ಮುಂದಿರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ.

ಇಲ್ಲಿ ‘ಸರಾಸರಿಯಾಗಿ’ ಎಂಬುದೇ ಮುಖ್ಯ. ಎರಡು ಅಳತೆಗಳು ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆಂದು ತಿಳಿಸುವ ಸಹಸಂಬಂಧ (ಪೂರ್ಣ ಹೊಂದಿಕೆಗೆ 1) 0.2 ಎಂದಿಟ್ಟುಕೊಳ್ಳಿ, ಆಗ ಅಂಕಗಳ ಏರಿಳಿತದಲ್ಲಿ ಆಲ್ಫಾದಿಂದ ತಿಳಿಯುವುದು ಶೇಕಡಾ 4 ಮಾತ್ರ, ಉಳಿದ 96ಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕು. ನೂರಾರು ಜನರ ಗುಂಪಿನಲ್ಲಿ ಕಾಣುವ ಇಂಥ ಒಲವನ್ನು ಹಿಡಿದು ಒಬ್ಬ ಹುಡುಗನ ಹಣೆಬರಹ ಬರೆಯಲಾಗದು. ಥೀಟಾ ಮತ್ತು ಆಲ್ಫಾಗಿಂತ ವೇಗದ ಬೀಟಾ ತರಂಗಗಳ ಅನುಪಾತ ಅಳೆಯುವ ಒಂದು ಉಪಕರಣಕ್ಕೆ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅನುಮತಿ ಕೊಟ್ಟದ್ದೂ ಗಮನಕೊರತೆಯ ತಪಾಸಣೆಗೆ, ಅದೂ ವೈದ್ಯರ ಪರೀಕ್ಷೆಗೆ ಪೂರಕವಾಗಿ ಮಾತ್ರ. ಹದಿಮೂರರ ಹುಡುಗನನ್ನು ಯಾವ ವಯಸ್ಸಿನವರೊಂದಿಗೆ ಹೋಲಿಸಿದ್ದಾರೆಂದು ವರದಿಯಲ್ಲಿ ಬರೆದಿದೆಯೇ, ದಯವಿಟ್ಟು ನೋಡಿ.

ಉತ್ತರ 2: ಇಇಜಿ ತಂತ್ರಜ್ಞ, ಬೆಳಗಾವಿ

ಅಕ್ಕೋರೇ, ನಮಸ್ಕಾರ. ದಾಖಲೆ ಹೇಗೆ ತೆಗೆದರೆಂಬುದನ್ನೂ ವಿಚಾರಿಸಿ. ನೆತ್ತಿಯ ಮೇಲೆ ಸಿಗುವ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟೇ. ಒಮ್ಮೆ ಕಣ್ಣು ಮಿಟುಕಿಸಿದರೆ ಅದಕ್ಕಿಂತ ದೊಡ್ಡ ಅಲೆ ಏಳುತ್ತದೆ. ತಲೆಬುರುಡೆ ದಪ್ಪವಿದ್ದರೆ ಅಲೆಯ ಎತ್ತರ ಕಡಿಮೆಯಾಗುತ್ತದೆ, ಅದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ನಮ್ಮ ಕಡೆಯ ಮಕ್ಕಳು ತಲೆತುಂಬ ಎಣ್ಣೆ ಹಚ್ಚಿಕೊಂಡು ಬರುತ್ತಾರೆ, ತೊಳೆಯದೆ ಇಲೆಕ್ಟ್ರೋಡ್ ಅಂಟಿಸಿದರೆ ದಾಖಲೆ ಕೆಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ತೂಕಡಿಕೆ. ನಿದ್ದೆ ಹತ್ತುವಾಗ ಯಾರಲ್ಲೇ ಆಗಲಿ ಆಲ್ಫಾ ಅಳಿದು ಥೀಟಾ ಏಳುತ್ತದೆ. ಅದಕ್ಕಾಗಿಯೇ ನಾವು ನಡುನಡುವೆ ಹೆಸರು ಹಿಡಿದು ಕೂಗಿ ಕಣ್ಣು ತೆರೆಸುತ್ತೇವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಹುಡುಗನನ್ನೇ ಕೇಳಿದೆ: ನಸುಕಿನ ಬಸ್ಸು ಹಿಡಿದು ಹೋಗಿದ್ದನಂತೆ, ಕುರ್ಚಿಯಲ್ಲಿ ನಿದ್ದೆ ಬಂದಿತ್ತಂತೆ, ಯಾರೂ ಎಬ್ಬಿಸಲಿಲ್ಲವಂತೆ. ವರದಿಯಲ್ಲಿ ವಯಸ್ಸಿನ ಹೋಲಿಕೆಯ ಮಾತೇ ಇಲ್ಲ. ಸೋಮವಾರ ಅವನ ತಂದೆಯನ್ನು ಶಾಲೆಗೆ ಕರೆಸಿದ್ದೇನೆ. ಮೊದಲು ಕಣ್ಣಿನ ತಪಾಸಣೆ, ಆಮೇಲೆ ಓದಿನ ತೊಡಕನ್ನೇ ಅಳೆಯುವ ಪರೀಕ್ಷೆ ಮಾಡಿಸುತ್ತೇವೆ.